ಭಾನುವಾರ ರಜೆ ಹಾಕುವ ಸಲಗ

ಕಲ್ಲುಕೊಪ್ಪಲಿನ ಸಣ್ಣಸ್ವಾಮಿಯಂಥ ಆನೆ ಕಾವಲುಗಾರ ಕೊಡಗಿನಲ್ಲಿ ಇನ್ನೊಬ್ಬ ಹುಟ್ಟಿಲ್ಲ, ಹುಟ್ಟುವ ಲಕ್ಷಣವೂ ಇಲ್ಲ. ಲದ್ದಿಯನ್ನು ಒಮ್ಮೆ ಮೂಸಿದರೆ ಸಾಕು, ಆನೆ ಗಂಡೋ ಹೆಣ್ಣೋ, ನಿನ್ನೆ ಯಾರ ತೋಟದಲ್ಲಿ ಊಟ ಮಾಡಿತು, ಅದರ ಅಜ್ಜಿ ಯಾವ ಕಾಡಿನವಳು ಎಂಬುದನ್ನೆಲ್ಲ ಒಂದೇ ಉಸಿರಿಗೆ ಹೇಳುತ್ತಿದ್ದ. ಐವತ್ತೆಂಟು ವರ್ಷದ ಬಾಳಿನಲ್ಲಿ ನಲವತ್ತು ಆನೆಗಳಿಗೆ ಎದುರು ನಿಂತು ಬೈದು ಕಾಡಿಗಟ್ಟಿದ್ದ. ಹತ್ತು ಚೌಕಾಸಿ ಮಾಡಿದರೂ ಮೂವತ್ತು ಉಳಿಯುತ್ತವೆ. ಇನ್ನು ಅವನ ಮೀಸೆ. ಕುಶಾಲನಗರದಿಂದ ಸಿದ್ದಾಪುರಕ್ಕೆ ಹೋಗುವ ಬಸ್ಸು ಅದರ ಎರಡು ತುದಿಗಳ ನಡುವೆ ಆರಾಮಾಗಿ ಹಾದುಹೋಗುತ್ತದೆ ಎಂದು ಹೇಳುವವರಿದ್ದರು. ಹಾಗೆ ಹೇಳಿದವರಲ್ಲಿ ಮೊದಲನೆಯವನು ಸಣ್ಣಸ್ವಾಮಿಯೇ.

ಇಂಥವನ ಬಾಯಲ್ಲಿ ‘ನಂಗೊತ್ತಿಲ್ಲ’ ಎಂಬ ಮಾತು ಜೀವಮಾನದಲ್ಲಿ ಒಂದು ಸಲ ಬಂದಿದ್ದರೂ ಇಷ್ಟೆಲ್ಲ ಆಗುತ್ತಿರಲಿಲ್ಲ.

ನವೆಂಬರಿನ ಒಂದು ಸೋಮವಾರ ಬೆಳಗ್ಗೆ ಏಳೂ ನಲವತ್ತಕ್ಕೆ ಅರಣ್ಯ ಇಲಾಖೆಯ ನಂಬರಿಗೆ ಒಂದು ಫೋನ್ ಬಂತು. ಮುದುಕಿಯ ಒಡಕು ದನಿ. “ಕಲ್ಲುಕೊಪ್ಪಲು ಬಸ್ ಶೆಲ್ಟರ್ ಹಿಂದೆ ಆನೆ ನಿಂತದೆ, ಬೇಗ ಬನ್ನಿ.” ಅಷ್ಟೇ, ಕಟ್. ಹತ್ತೇ ನಿಮಿಷಕ್ಕೆ ಜೀಪು ಹೊರಟಿತು, ಎಲ್ಲರ ಮೊಬೈಲಿಗೂ ಎಚ್ಚರಿಕೆ ಹೋಯಿತು, ಕಾಫಿ ಕುಯ್ಯುವ ಹೆಂಗಸರು ಚೀಲ ಬಿಸಾಡಿ ಕೂಲಿಯವರ ಲೈನ್‌ಮನೆಗೆ ಓಡಿದರು. ಶೆಲ್ಟರಿನ ಹತ್ತಿರ ಸೇರಿದ ಜನವನ್ನು ನೋಡಿದ್ದರೆ ಮೈಸೂರು ದಸರೆಯೇ ಖಾಲಿಯಾಗಿ ಇಲ್ಲಿಗೆ ಬಂದಿದೆ ಎನ್ನಬೇಕು. ಲೆಕ್ಕ ಹಾಕಿದರೆ ಅರವತ್ತು ಮಂದಿ ಇದ್ದರೇನೋ.

ಆನೆ ಇರಲಿಲ್ಲ. ಹೆಜ್ಜೆಯಿಲ್ಲ, ಲದ್ದಿಯಿಲ್ಲ, ಒಂದು ಕೊಂಬೆ ಮುರಿದಿಲ್ಲ.

“ಎಂಥ ಸಣ್ಣಸ್ವಾಮಿ, ಆನೆ ಉಂಟಾ ಇಲ್ವಾ?” ಎಂದು ಕೇಳಿದರು ಫಾರೆಸ್ಟರ್ ಕುಟ್ಟಪ್ಪ. ಅರವತ್ತು ಜೊತೆ ಕಣ್ಣುಗಳು ಸಣ್ಣಸ್ವಾಮಿಯ ಬಾಯಿಗೆ ಅಂಟಿಕೊಂಡವು. ಅವನು ಕೆಳಗೆ ನೋಡಿದ. ಯಾವುದೋ ಪಿಕಪ್ ಗಾಡಿಯ ಚಕ್ರ ಹೂತು ಎದ್ದ ಒಂದು ಗುಂಡಿ ಕಾಣಿಸಿತು. ಮೊಣಕಾಲೂರಿ, ಗೇಣು ಹಾಕಿ ಅಳೆದು, ಮಣ್ಣನ್ನು ಮೂಸಿ, ಎದ್ದು ನಿಂತ.

“ಒಂಟಿ ಸಲಗ ಸಾರ್. ಹತ್ತೂವರೆ ಅಡಿ ಎತ್ತರ. ಬಲಗಡೆ ಕಿವಿ ಹರ್ದೋಗದೆ.”

“ಹೆಜ್ಜೇಲಿ ಕಿವಿ ಹೆಂಗೆ ಗೊತ್ತಾಯ್ತದೆ?” ಎಂದು ಯಾರೋ ಗೊಣಗಿದರು.

“ಕಿವಿ ನೋಯೋ ಆನೆ ತಲೆ ವಾಲಿಸ್ಕಂಡು ನಡೀತದೆ. ಎಡಗಾಲಿಗೆ ಭಾರ ಬೀಳ್ತದೆ. ಮೂವತ್ತು ವರ್ಷ ಮಾಡ್ರಪ್ಪ ಈ ಕೆಲ್ಸವ, ಆಮೇಲೆ ಕೇಳುವಿರಂತೆ.”

ಜನ ಹೌದು ಹೌದು ಎಂದರು. ಎಲ್ಲರೂ ಗುಂಡಿ ನೋಡುತ್ತಿರುವಾಗ ಒಬ್ಬಳು ಮಾತ್ರ ಸಣ್ಣಸ್ವಾಮಿಯ ಮುಖವನ್ನೇ ನೋಡುತ್ತಿದ್ದಳು. ಏಳನೇ ಕ್ಲಾಸಿನ ಸಮವಸ್ತ್ರ, ಸೇಫ್ಟಿ ಪಿನ್ನು ಚುಚ್ಚಿದ ಚಪ್ಪಲಿ, ತುಟಿಯ ಚರ್ಮವನ್ನು ಹಲ್ಲಿನಿಂದ ಸುಲಿಯುತ್ತಿದ್ದ ಬಾಯಿ. ಬಸ್ಸು ಆ ದಿನ ಶೆಲ್ಟರಿನಲ್ಲಿ ನಿಲ್ಲಲಿಲ್ಲ. ಮನೆಗಳ ಹತ್ತಿರಕ್ಕೇ ಬಂದು ಮಕ್ಕಳನ್ನು ಹತ್ತಿಸಿಕೊಂಡಿತು. ಹತ್ತುವಾಗ ಆ ಹುಡುಗಿ ಇನ್ನೊಮ್ಮೆ ತಿರುಗಿ ನೋಡಿದಳು.

ಬುಧವಾರ ಬೆಳಗ್ಗೆ ಹನ್ನೊಂದಕ್ಕೆ ಶಾಲೆಯ ಹಿಂದೆ ಆನೆ. ಗುರುವಾರ ಸಂಜೆ ನಾಲ್ಕೂ ಮುಕ್ಕಾಲಿಗೆ ತಿಮ್ಮಯ್ಯನ ಅಂಗಡಿಯ ತಿರುವಿನಲ್ಲಿ ಆನೆ. ಶುಕ್ರವಾರ ಸಂಜೆ ಏಳಕ್ಕೆ ಮುದುಕಿ ಲಿಂಗಮ್ಮನ ಮನೆಯ ಹಿತ್ತಲಲ್ಲಿ ಆನೆ. ಎಲ್ಲ ಕರೆಯೂ ಲಿಂಗಮ್ಮನ ಹಳೆಯ ಬಟನ್ ಫೋನಿನಿಂದಲೇ. ಪ್ರತಿ ಸಲವೂ ಸಣ್ಣಸ್ವಾಮಿ ಬಗ್ಗಿ, ಮೂಸಿ, ಹೌದೆಂದ. ಮೊದಲ ದಿನ ಇದೆ ಎಂದ ಆನೆಯನ್ನು ಎರಡನೆಯ ದಿನ ಇಲ್ಲವೆನ್ನುವುದು ಹೇಗೆ? ಊರೂ ಅವನಿಗೆ ಹೆಗಲು ಕೊಟ್ಟಿತು. ಸಲಗ ರಾತ್ರೋರಾತ್ರಿ ಹನ್ನೆರಡು ಬಾಳೆಗೊನೆ ನುಂಗಿದ್ದನ್ನು ಕಂಡವರಿದ್ದರು. ನೀರಿನ ಟ್ಯಾಂಕನ್ನು ಎತ್ತಿ ಕುಡಿದು ಮತ್ತೆ ಅದೇ ಜಾಗದಲ್ಲಿ ಇಟ್ಟದ್ದನ್ನು ಕಂಡವರೂ ಇದ್ದರು. ಇಷ್ಟು ಜೀವ ಉಳಿಸಿದ ಮುದುಕಿ ಎಂದು ಕುಟ್ಟಪ್ಪ ಲಿಂಗಮ್ಮನಿಗೆ ಶಾಲು ಹೊದಿಸಿದರು. ಯಾಕೆ ಹೊದಿಸುತ್ತಿದ್ದಾರೆಂದು ಅವಳಿಗೆ ಗೊತ್ತಿರಲಿಲ್ಲ, ಅವಳು ಕೇಳಲೂ ಇಲ್ಲ. ಮೂರು ವಾರಕ್ಕೆ ಆ ಸಲಗ ಇಡೀ ಜಿಲ್ಲೆಯಲ್ಲೇ ಅತಿ ದೊಡ್ಡ ಆನೆಯಾಗಿ ಬೆಳೆದುಬಿಟ್ಟಿತು.

ಮೂರನೆಯ ವಾರದ ಶನಿವಾರ ಕುಟ್ಟಪ್ಪ ಒಂದು ನಕ್ಷೆ ತಂದು ಸಣ್ಣಸ್ವಾಮಿಯ ಮುಂದೆ ಹಾಸಿದರು.

“ಸಲಗ ಹಿಡಿಯೋಕೆ ಸಾಕಾನೆ ತರಿಸ್ಬೇಕು ಅಂತ ಮೇಲಿನವರು ಹೇಳ್ತಿದ್ದಾರೆ ಮಾರಾಯ. ಎಲ್ಲೆಲ್ಲಿ, ಎಷ್ಟೊತ್ತಿಗೆ ಬಂತು, ಎಲ್ಲ ಗುರುತು ಹಾಕು. ಸೋಮವಾರ ಮೂರು ಗಂಟೆಗೆ ಶಾಲೆ ಹಾಲ್‌ನಲ್ಲಿ ಮೀಟಿಂಗ್ ಉಂಟು. ನಿನ್ನ ಕೆಲಸ ಖಾಯಂ ಮಾಡೋಕೆ ನಾನೇ ಬರೆದಿದ್ದೇನೆ.”

ಸಣ್ಣಸ್ವಾಮಿ ಹೆಮ್ಮೆಯಿಂದ ಕೆಂಪು ಪೆನ್ನು ಹಿಡಿದ. ಹದಿನಾಲ್ಕು ಚುಕ್ಕೆ ಇಟ್ಟ. ಆಮೇಲೆ ಚುಕ್ಕೆಗಳನ್ನು ನೋಡುತ್ತ ಕುಳಿತ. ಜಂಬಗಾರನಾದರೂ ಕಸುಬುದಾರ, ಅದರಲ್ಲಿ ಸುಳ್ಳಿಲ್ಲ. ಆನೆಯ ದಾರಿ ನೀರಿನಿಂದ ನೀರಿಗೆ ಹೋಗುತ್ತದೆ. ಈ ದಾರಿಯಲ್ಲಿ ಒಂದು ಹಳ್ಳವೂ ಇಲ್ಲ. ಹದಿನಾಲ್ಕು ಸಲ ಬಂದದ್ದೂ ನಾಲ್ಕೇ ಜಾಗಕ್ಕೆ. ಶೆಲ್ಟರಿಗೆ ಯಾವಾಗಲೂ ಏಳೂ ನಲವತ್ತು. ಶಾಲೆಯ ಹಿಂದೆ ಯಾವಾಗಲೂ ಹನ್ನೊಂದು. ಅಂಗಡಿಯ ತಿರುವಿಗೆ ನಾಲ್ಕೂ ಮುಕ್ಕಾಲು. ಲಿಂಗಮ್ಮನ ಹಿತ್ತಲಿಗೆ ಸಂಜೆ ಏಳು. ಭಾನುವಾರ ಮಾತ್ರ ಎಲ್ಲಿಯೂ ಇಲ್ಲ. ಎರಡು ಭಾನುವಾರವೂ ಇಲ್ಲ.

ಭಾನುವಾರ ರಜೆ ಹಾಕುವ ಆನೆ!

ಮೊದಲು ನಗು ಬಂತು. ಆಮೇಲೆ ಚುಕ್ಕೆಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟುತ್ತ ಹೋದ. ಬೆಳಗ್ಗೆ ಮನೆ ಬಿಟ್ಟು, ಬಸ್ಸು ಹಿಡಿದು, ಶಾಲೆಗೆ ಹೋಗಿ, ಅಂಗಡಿಯ ದಾರಿಯಲ್ಲಿ ಇಳಿದು, ಲಿಂಗಮ್ಮನ ಮನೆಗೆ ವಾಪಸು ಬರುವ ಜೀವ ಒಂದೇ ಒಂದು.

ಅವನು ನೇರ ಲಿಂಗಮ್ಮನ ಮನೆಗೆ ಹೋದ. ಮುದುಕಿ ಜಗಲಿಯಲ್ಲಿ ಶಾಲು ಹೊದ್ದು ಅವರೆಕಾಯಿ ಸುಲಿಯುತ್ತಿದ್ದಳು.

“ಏನಮ್ಮೋ, ಎಲ್ಲಿ ನಿನ್ ಫೋನು?”

“ಕಳ್ದೋಗಿ ಒಂದ್ ತಿಂಗ್ಳಾಯ್ತು ಕಣ್ಲಾ.”

“ಮತ್ತೆ ಶಾಲು ತಕ್ಕಂಡ್ಯಲ್ಲ?”

“ಶಾಲು ಸುಮ್ಸುಮ್ನೆ ಸಿಗೋವಾಗ ಬ್ಯಾಡ ಅನ್ನೋಕೆ ನಂಗೇನ್ ತಲೆಕೆಟ್ಟದಾ? ನೀನು ಕಾಣ್ದೇ ಇರೋ ಆನೆ ಕಿವಿ ಹರೀಲಿಲ್ವಾ, ಹಂಗೇಯ.”

ಸಣ್ಣಸ್ವಾಮಿಯ ಮೀಸೆ ಎರಡು ಗೇಣು ಇಳಿದುಹೋಯಿತು. ಮೊಮ್ಮಗಳು ಮೋಕ್ಷಿತಾ, ಮೊದಲ ದಿನ ಶೆಲ್ಟರಿನಲ್ಲಿ ಅವನ ಮುಖವನ್ನೇ ನೋಡಿದ್ದ ಹುಡುಗಿ, ಹಿತ್ತಲ ಕಲ್ಲಿನ ಮೇಲೆ ಪುಸ್ತಕ ಹಿಡಿದು ಕುಳಿತಿದ್ದಳು. ಪುಸ್ತಕ ತಲೆಕೆಳಗಾಗಿತ್ತು. ಒಳಗೆ ಪಾತ್ರೆಯ ಮುಚ್ಚಳವೊಂದು ಬಿದ್ದ ಸದ್ದಿಗೆ ಅವಳು ಎರಡೂ ಕೈ ಎತ್ತಿ ತಲೆ ಮುಚ್ಚಿಕೊಂಡಳು. ಬೆರಳುಗಳಲ್ಲಿ ಉಗುರು ಎನ್ನುವುದಿರಲಿಲ್ಲ. ಕಿವಿಯ ಹಿಂದೆ ಕಾಸಿನಗಲ ಕೂದಲಿಲ್ಲ, ಕಿತ್ತುಕೊಂಡ ಗುರುತು.

“ಕೂಸೇ, ಅಜ್ಜಿ ದನೀಲಿ ಫೋನ್ ಮಾಡೋಳು ನೀನೇ ಅಲ್ವಾ?”

ಅವಳು ಹೆದರಲಿಲ್ಲ. ಹೆದರಿಕೆಯೆಲ್ಲ ಬೇರೆ ಕಡೆ ಖರ್ಚಾಗಿಹೋಗಿದೆಯೇನೋ ಎನ್ನುವಂತೆ ಅವನನ್ನು ನೋಡಿದಳು. “ನಂದು ಸುಳ್ಳು ಅಂದ್ರೆ ನಿಮ್ದೂ ಸುಳ್ಳೇ ಅಲ್ವಾ ತಾತ?”

“ಯಾಕವ್ವ ಮಾಡ್ದೆ? ಏನದೆ ಆ ಶೆಲ್ಟರ್‌ನಲ್ಲಿ?”

ನೀರಿಗೆ ಕಾಲಿಡುವ ಮುಂಚೆ ಬೆರಳು ಅದ್ದಿ ನೋಡುವವಳಂತೆ, ಒಂದೇ ಒಂದು ಮಾತು ಹೇಳಿದಳು. “ಕಾಲೇಜ್ ಅಣ್ಣಂದ್ರು ಬ್ಯಾಗ್ ಕಿತ್ಕಂಡು ಎಸೀತಾರೆ.”

“ಅಷ್ಟೇನಾ?” ಎಂದ ಸಣ್ಣಸ್ವಾಮಿ. ಅವನ ಎದೆ ಹಗುರವಾಯಿತು. “ಹುಡುಗ್ರು ಅಂದ್ಮೇಲೆ ಹಂಗೇ ಕಣವ್ವ. ಅದಕ್ಕೆ ಆನೆ ತರ್ಸೋದಾ? ನಾನು ಹೇಳ್ತೀನಿ ಬುಡು ಅವ್ರಿಗೆ.”

ಹುಡುಗಿಯ ಮುಖದಲ್ಲಿ ಏನೋ ಒಂದು ಮುಚ್ಚಿಕೊಂಡಿತು. ಅವಳು ತಲೆಕೆಳಗಾದ ಪುಸ್ತಕವನ್ನು ಓದತೊಡಗಿದಳು.

ಸಣ್ಣಸ್ವಾಮಿಗೆ ಆಗ ತನ್ನದೇ ಚಿಂತೆ. ಸೋಮವಾರ ದೊಡ್ಡ ಅಧಿಕಾರಿಗಳು ಬರುತ್ತಾರೆ, ನಕ್ಷೆ ನೋಡುತ್ತಾರೆ, ಭಾನುವಾರದ ಪ್ರಶ್ನೆ ಕೇಳುತ್ತಾರೆ. ಖಾಯಂ ಕೆಲಸವೂ ಹೋಗಿ ಇದ್ದ ಕೂಲಿಯೂ ಹೋಗುತ್ತದೆ. ಅವನು ಮರುದಿನ ಸಂಜೆ ಕುಟ್ಟಪ್ಪನಿಗೆ ಫೋನ್ ಮಾಡಿ, ತನ್ನ ಜೀವಮಾನದ ಅತಿ ಭರ್ಜರಿ ಸುಳ್ಳು ಹೇಳಿದ: “ಸಾರ್, ಸಲಗ ಹೊಳೆ ದಾಟಿಸ್ಬುಟ್ಟೆ. ಒಬ್ನೇ. ಬರೀ ಕೈಲಿ. ಇನ್ನು ಈ ಜನ್ಮಕ್ಕೆ ವಾಪಸ್ ಬರಾಕಿಲ್ಲ.”

ಎಲ್ಲರ ಮೊಬೈಲಿಗೂ ಸಂದೇಶ ಹೋಯಿತು: ಒಂಟಿ ಸಲಗ ಕಾಡು ಸೇರಿದೆ, ಇನ್ನು ಮುಂದೆ ಇಂಥ ಕರೆಗಳನ್ನು ನಂಬಬೇಡಿ, ಸಾರ್ವಜನಿಕರು ನಿರ್ಭಯವಾಗಿ ಓಡಾಡಬಹುದು. ಸೋಮವಾರದ ಮೀಟಿಂಗು ಸನ್ಮಾನ ಸಭೆಯಾಯಿತು. ಹಾರಕ್ಕೆ ಚೆಂಡುಹೂವು ಕುಶಾಲನಗರದಿಂದಲೇ ಬರಬೇಕೆಂದು ಊರಿನವರು ತೀರ್ಮಾನಿಸಿದರು.

ಸೋಮವಾರ ಬೆಳಗ್ಗೆ, ಹುಡುಗರಿಗೆ ನಾಲ್ಕು ಮಾತು ಹೇಳೋಣ ಎಂದು ಸಣ್ಣಸ್ವಾಮಿ ಶೆಲ್ಟರಿನ ಹಿಂದೆ, ಮಂಜಿನಲ್ಲಿ, ಸಿಲ್ವರ್ ಓಕ್ ಮರಕ್ಕೆ ಒರಗಿ ನಿಂತ. ಸುದೀಪ್, ಮಿಲನ್ ಎಂಬ ಇಬ್ಬರು ಪಿಯುಸಿ ಹುಡುಗರು ಬಂದರು. ಅವರು ಅವನನ್ನು ನೋಡಲಿಲ್ಲ.

“ಆನೆ ಹೋಯ್ತಂತೆ ಕಣೋ. ಇವತ್ತು ಮೂಗಿ ಬರ್ತಾಳೆ,” ಎಂದ ಮಿಲನ್. “ಬ್ಯಾಗ್ ನಂಗೆ, ಚಪ್ಪಲಿ ನಿಂಗೆ.”

“ಹೋದ್ಸಲ ಅತ್ಳಲ್ಲ, ಆ ಸ್ಟಿಕ್ಕರ್ ಅವಳ ಕ್ಲಾಸಿನ ಹುಡ್ಗೀರ ಗ್ರೂಪ್‌ಗೂ ಹೋಗದೆ,” ಎಂದು ಸುದೀಪ್ ಮೊಬೈಲು ತೋರಿಸಿದ. “ದಿನಾ ಯಾರಾದ್ರೂ ಒಬ್ರು ಹಾಕ್ತಾರೆ.”

ಸಣ್ಣಸ್ವಾಮಿ ಮರದ ಹಿಂದಿನಿಂದ ಕೈ ಚಾಚಿ ಆ ಮೊಬೈಲನ್ನು ಕಿತ್ತುಕೊಂಡ. ಹುಡುಗರು ಒಂದು ಫರ್ಲಾಂಗು ಮೇಲಕ್ಕೆ ಹಾರಿದರು. ಪರದೆಯ ಮೇಲೆ ಆ ಮಗುವಿನ ಅಳುವ ಮುಖ, ಮೂಗು ಸೋರುತ್ತಿದೆ, ಸುತ್ತ ನಗುವ ಹಳದಿ ಮುಖಗಳು. ಅವನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಬಂತು. ಹುಡುಗರು ಮೊಬೈಲು ಕಸಿದುಕೊಂಡು ಹತ್ತಿದರು, ಉಳಿದ ಮಕ್ಕಳೂ ಹತ್ತಿದರು. ಬಸ್ಸು ಹೋಯಿತು.

ಮೋಕ್ಷಿತಾ ಬಂದಿರಲಿಲ್ಲ.

ಅವನು ತೋಟಕ್ಕೆ ಓಡಿದ. ಅವಳ ತಾಯಿ ಚಲುವಮ್ಮ ಕಾಫಿ ಕುಯ್ಯುತ್ತಿದ್ದಳು. “ಅವ್ಳು ಏಳ್ ಗಂಟ್ಗೇ ಹೊಂಟೋದ್ಲಲ್ಲಣ್ಣ!” ಎನ್ನುತ್ತ ಸೆರಗಿಗೆ ಕೈ ಒರೆಸಿಕೊಂಡಳು. ರವಿಕೆಯ ತೋಳು ಮೇಲೇರಿತು. ಬಳೆಯ ಮೇಲೆ ಉದ್ದಕ್ಕೂ ನೀಲಿ ಬರೆ, ಬೆಲ್ಟಿನ ಬಕಲ್ಲಿನ ಚೌಕ ಅಚ್ಚು. ಸಣ್ಣಸ್ವಾಮಿಯ ಕಣ್ಣು ಅಲ್ಲಿ ನಿಂತದ್ದನ್ನು ಕಂಡು ಅವಳು ಬೇಗನೆ ತೋಳು ಇಳಿಸಿಕೊಂಡಳು. ಅವಳ ಗಂಡ, ಲಿಂಗಮ್ಮನ ಮಗ ಶಶಿಕುಮಾರ ಟೂರಿಸ್ಟ್ ಜೀಪು ಓಡಿಸುವವನು. ಕುಡಿಯುವುದಿಲ್ಲ, ಇಸ್ಪೀಟಿಲ್ಲ, ಬಟ್ಟೆಗೆ ದಿನಾ ಇಸ್ತ್ರಿ ಎಂದು ಊರೇ ಹೊಗಳುತ್ತಿದ್ದ ಮನುಷ್ಯ. ಭಾನುವಾರ ಬೆಳಗಿನಿಂದ ರಾತ್ರಿಯವರೆಗೂ ಬಾಡಿಗೆ, ಮನೆಯಲ್ಲಿರುವುದಿಲ್ಲ. ಭಾನುವಾರ. ಸಣ್ಣಸ್ವಾಮಿ ನಕ್ಷೆಯಲ್ಲಿ ಲಿಂಗಮ್ಮನ ಹಿತ್ತಲಿನ ಚುಕ್ಕೆಯನ್ನು ಮನಸ್ಸಿನಲ್ಲೇ ಒತ್ತಿದ.

“ಸಂಜೆ ಜೀಪ್ನಲ್ಲಿ ಫಾರೆಸ್ಟ್‌ನೋರು ಬಂದಾಗೆಲ್ಲ…” ಎಂದು ಕೇಳಹೊರಟ.

“ನೀವು ಬಂದ್ರೆ ಅವ್ರು ಸುಮ್ನಾಯ್ತಾರೆ,” ಎಂದು ಅವಳು ಬೇರೆಲ್ಲೋ ನೋಡುತ್ತ ಹೇಳಿದಳು. “ಮಗಳು ಬಾಗ್ಲು ಸಂದೀಲಿ ನಿಂತು ನೋಡ್ತಿರ್ತಾಳೆ ಅಣ್ಣ. ಕಣ್ಣೇ ಮುಚ್ಚಾಕಿಲ್ಲ.”

ಶಾಲೆಯಲ್ಲಿ ಹೆಡ್ ಮಿಸ್ ಪೂವಮ್ಮ ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲ. “ಮೋಕ್ಷಿತಾನಾ? ಬಂದಿಲ್ಲ. ಬಂದ್ರೂ ಹೊಟ್ಟೆನೋವು ಅಂತ ಮಲಗ್ತಾಳೆ. ಬೆಳಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ನೆನಪಿರೋದಿಲ್ಲ. ಹೋದ ವರ್ಷ ಹೀಗಿರ್ಲಿಲ್ಲ, ಸಣ್ಣಸ್ವಾಮಿ. ಮೇಷ್ಟ್ರು ಬಾಗಿಲ ಹೊರಗೆ ನಿಲ್ಲಿಸಿ ನೋಡಿದ್ರು, ಎಲ್ಲರೆದುರಿಗೆ ಬೈದು ನೋಡಿದ್ರು. ಏನು ಮಾಡಿದ್ರೂ ಅಷ್ಟೇ.”

“ಹನ್ನೊಂದು ಗಂಟೆಗೆ ಏನ್ ನಡೀತದೆ ಮೇಡಂ ಇಲ್ಲಿ?”

“ಇಂಟರ್‌ವೆಲ್. ಯಾಕೆ?”

ಶಾಲೆಯ ಹಿಂದಿದ್ದದ್ದು ಹುಡುಗಿಯರ ಶೌಚಾಲಯ. ಕಟ್ಟಕಡೆಯ ಬಾಗಿಲಿಗೆ ಹೊರಗಡೆಯಿಂದ ಚಿಲಕ. ಸಣ್ಣಸ್ವಾಮಿ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿ, ಗುರುತು ಓದುವ ಅಭ್ಯಾಸದಂತೆ ಕೆಳಗಿನಿಂದ ಮೇಲಕ್ಕೆ ನೋಡಿದ. ಹಲಗೆಯ ಮೇಲೆ ಗೀರು. ಮಗುವಿನ ಎದೆಯ ಎತ್ತರಕ್ಕೆ. ಕೆಲವು ಹಳೆಯವು, ಧೂಳು ತುಂಬಿದ್ದವು. ಕೆಲವು ಇನ್ನೂ ಬಿಳಿ. ಕೆಲವು ಪೆನ್ನಿನವು, ಕೆಲವು ಉಗುರಿನವು. ಮೇಲಿನ ಗೀರು ಆಳ, ಕೆಳಗಿನದು ತೆಳು. ನಿಂತು ಗೀರಿ, ಸೋತು, ಕುಳಿತು ಗೀರಿದ್ದು. ಒಂದು ದಿನದ್ದಲ್ಲ, ಒಂದು ವಾರದ್ದೂ ಅಲ್ಲ. ಆನೆಯ ವಯಸ್ಸಿಗೆ ಹತ್ತು ಸೇರಿಸಿ ಹೇಳುವ ಮನುಷ್ಯನಿಗೆ ಇಲ್ಲಿ ಒಂದೂ ಸೇರಿಸಬೇಕಾಗಿ ಬರಲಿಲ್ಲ.

ಅಂಗಡಿಯ ತಿರುವಿನಲ್ಲಿ ತಿಮ್ಮಯ್ಯ ಬಾಯಿ ತುಂಬ ಹಲ್ಲು ತೋರಿಸಿದ. “ಆ ಮಗೂನಾ? ಪಾಪ, ನನ್ ಮಗಳಿದ್ದಂಗೆ. ದಿನಾ ಒಳಗ್ ಬಾ ಅಂತೀನಿ, ಕೂರುಸ್ಕಂಡು ಚಾಕ್ಲೇಟ್ ಕೊಡ್ತೀನಿ. ಇವತ್ತು ಬಂದಿಲ್ಲ.”

ಸಣ್ಣಸ್ವಾಮಿ ರಸ್ತೆ ನೋಡಿದ. ಸೇಫ್ಟಿ ಪಿನ್ನಿನ ಚಪ್ಪಲಿಯ ಹೆಜ್ಜೆ ಇತ್ತು. ಹಳೆಯವು ಎಷ್ಟೋ, ಹೊಸದು ಒಂದು ಸಾಲು. ಚಾಕ್ಲೇಟಿನ ಅಂಗಡಿ ಕಂಡರೆ ಮಕ್ಕಳ ಹೆಜ್ಜೆ ಅದರ ಕಡೆಗೆ ವಾಲುತ್ತದೆ. ಈ ಹೆಜ್ಜೆಗಳು ಅಂಗಡಿಗೆ ಐವತ್ತು ಮಾರು ಇರುವಾಗಲೇ ರಸ್ತೆ ಬಿಟ್ಟು, ಎದುರಿನ ಚರಂಡಿಗೆ ಇಳಿದು, ಮುಳ್ಳಿನ ಪೊದೆಯೊಳಗೆ ನುಗ್ಗಿ, ಅಂಗಡಿ ದಾಟಿದ ಮೇಲೆ ಮತ್ತೆ ರಸ್ತೆಗೆ ಹತ್ತಿದ್ದವು. ಎಲ್ಲ ಸಾಲೂ ಹಾಗೆಯೇ. ಪ್ರತಿ ದಿನವೂ ಮುಳ್ಳೇ ವಾಸಿ ಎಂದು ನಡೆದ ಹೆಜ್ಜೆ.

ಅವನು ತಿಮ್ಮಯ್ಯನ ಮುಖ ನೋಡಿದ. ತಿಮ್ಮಯ್ಯನ ಹಲ್ಲು ಒಂದೊಂದಾಗಿ ಒಳಗೆ ಹೋದವು.

“ನೀನು ಇಲ್ಲೇ ಇರು,” ಎಂದ ಸಣ್ಣಸ್ವಾಮಿ. “ನಾನು ಬತ್ತೀನಿ.”

ಹೊಸ ಸಾಲು ಮಾತ್ರ ಮತ್ತೆ ರಸ್ತೆಗೆ ಹತ್ತಿರಲಿಲ್ಲ. ಪೊದೆಯಿಂದ ನೇರ ತೋಟದೊಳಕ್ಕೆ, ತೋಟದಿಂದ ಆನೆ ಕಂದಕದ ಅಂಚಿಗೆ ಹೋಗಿತ್ತು. ಕಂದಕದ ಮೇಲೆ ಒಂದು ಮರ ಬಿದ್ದಿತ್ತು. ಮರದ ಪಾಚಿಯ ಮೇಲೆ ಪುಟ್ಟ ಅಂಗೈಗಳ ಗುರುತು. ಆಚೆಗೆ ಕಾಡು. ಆ ಕಾಡಿನಲ್ಲಿ ಇದ್ದದ್ದು ಸಣ್ಣಸ್ವಾಮಿ ಹುಟ್ಟಿಸಿದ ಸಲಗವಲ್ಲ, ದೇವರು ಹುಟ್ಟಿಸಿದ ಹಿಂಡು. ಮುಂಜಾನೆಯ ಲದ್ದಿ ಇನ್ನೂ ಹೊಗೆಯಾಡುತ್ತಿತ್ತು. ಮೂಸಬೇಕಾಗಲಿಲ್ಲ.

ನಲವತ್ತು ಆನೆಗಳನ್ನು ಬೈದು ಕಾಡಿಗಟ್ಟಿದವನು ಆ ಮರದ ಮೇಲೆ ನಾಲ್ಕು ಕಾಲಿನಲ್ಲಿ ತೆವಳಿದ. ಅಂಗಿ ಹರಿಯಿತು. ಆ ಸದ್ದಿಗೇ ಆನೆ ಏಳುತ್ತದೆಯೆಂದು ಅವನಿಗೆ ಅನ್ನಿಸಿತು. ಬಿದಿರು ಮುರಿಯುವ ಸಪ್ಪಳ ಬಲಗಡೆಯಿಂದ, ಬಹಳ ಹತ್ತಿರದಿಂದ. ಗಾಳಿ ಮುಖಕ್ಕೆ ಬೀಸುತ್ತಿತ್ತು, ಅದೊಂದೇ ಪುಣ್ಯ.

ಅವಳು ಒಂದು ಹಳೆಯ ಹುತ್ತಕ್ಕೆ ಒರಗಿ, ಬ್ಯಾಗನ್ನು ಮಡಿಲಲ್ಲಿಟ್ಟು ಕುಳಿತಿದ್ದಳು. ಇಪ್ಪತ್ತು ಮಾರಿನಾಚೆ ಒಂದು ಹೆಣ್ಣಾನೆ, ಅದರ ಕಾಲುಗಳ ನಡುವೆ ಮರಿ. ಕಿವಿ ಎರಡೂ ಸರಿಯಾಗಿದ್ದವು. ಸಣ್ಣಸ್ವಾಮಿ ಹೊಟ್ಟೆಯ ಮೇಲೆ ಸರಿದು ಹುಡುಗಿಯ ಪಕ್ಕಕ್ಕೆ ಬಂದ.

“ಬಾ ಮಗ,” ಎಂದು ಉಸಿರಿನಲ್ಲೇ ಹೇಳಿದ. “ಮೆಲ್ಲಗೆ. ಮರಿ ಜೊತೇಲದೆ, ಕೆಟ್ಟದ್ದು ಅದು.”

“ಇವು ಬರೋ ಮುಂಚೆ ಸದ್ದು ಮಾಡ್ತವೆ ತಾತ,” ಎಂದಳು ಅವಳು, ಆನೆಯ ಮೇಲಿಂದ ಕಣ್ಣು ತೆಗೆಯದೆ. “ಗೊತ್ತಾಯ್ತದೆ.”

“ಬಾ ನನ್ನವ್ವ. ಹೋಗಾಣ.”

“ಎಲ್ಲಿಗೆ?”

ಮನೆಗೆ ಎನ್ನಲು ಬಾಯಿ ತೆರೆದ. ಬಕಲ್ಲಿನ ಅಚ್ಚು ಕಣ್ಣಿಗೆ ಬಂತು. ಶಾಲೆಗೆ ಎನ್ನಲು ಹೊರಟ. ಬಾಗಿಲಿನ ಗೀರು. ರಸ್ತೆಗೆ, ಬಸ್ಸಿಗೆ, ಅಂಗಡಿಯ ಕಡೆಗೆ… ಜಿಲ್ಲೆಯ ಅತಿ ದೊಡ್ಡ ಬಾಯಿಗೆ ಒಂದೇ ಒಂದು ಜಾಗದ ಹೆಸರು ಸಿಗಲಿಲ್ಲ. ಆಗ ಅವನಿಗೆ ತಾನು ಶನಿವಾರ ಹೇಳಿದ ಮಾತು ನೆನಪಾಯಿತು. ಅಷ್ಟೇನಾ.

“ನಂಗೊತ್ತಿಲ್ಲ,” ಎಂದ ಸಣ್ಣಸ್ವಾಮಿ.

ಹುಡುಗಿ ಮೊದಲ ಸಲ ಅವನ ಕಡೆ ತಿರುಗಿದಳು.

“ಆವತ್ತು ನಾನು ಪೂರ್ತಿ ಕೇಳ್ಲಿಲ್ಲ ಕಣವ್ವ. ತಪ್ಪಾಯ್ತು. ಈಗ ಹೇಳು. ಎಷ್ಟೊತ್ತಾದ್ರೂ ಹೇಳು.”

ಬಿದಿರು ಮುರಿಯುತ್ತಲೇ ಇತ್ತು. ಅವಳು ಹೇಳಿದಳು, ತುಟಿ ಮಾತ್ರ ಅಲ್ಲಾಡಿಸುತ್ತ. ಬ್ಯಾಗಿನದ್ದು, ಸ್ಟಿಕ್ಕರಿನದ್ದು, ಚಿಲಕದ್ದು, ಬಾಗಿಲ ಹೊರಗೆ ನಿಂತದ್ದು, ಅಪ್ಪನದ್ದು. ತಿಮ್ಮಯ್ಯನ ಅಂಗಡಿಯ ಅರ್ಧ ಎಳೆದ ಶಟರಿನ ಹತ್ತಿರ ಬಂದಾಗ ಮಾತು ನಿಂತಿತು. ಅವಳು ಬ್ಯಾಗನ್ನು ಎದೆಗೆ ಒತ್ತಿಕೊಂಡಳು. ಸಣ್ಣಸ್ವಾಮಿ ಮುಂದೇನು ಎಂದು ಕೇಳಲಿಲ್ಲ. ಮರಿಯಾನೆ ಎರಡು ಹೆಜ್ಜೆ ಇತ್ತ ಬಂತು. ತಾಯಿ ಸೊಂಡಿಲೆತ್ತಿ ಗಾಳಿ ಹುಡುಕಿತು. ಇಬ್ಬರೂ ಉಸಿರು ಹಿಡಿದರು. ಎಷ್ಟು ಹೊತ್ತು? ಸಣ್ಣಸ್ವಾಮಿಯ ಲೆಕ್ಕಕ್ಕೆ ಮೂರು ವರ್ಷ. ಆಮೇಲೆ ಸೊಂಡಿಲು ಇಳಿಯಿತು. ಮರಿ ವಾಪಸು ಹೋಯಿತು.

“ಒಂದ್ ಜಾಗ ಆಗಿದ್ರೆ ತಡ್ಕೋತಿದ್ದೆ ತಾತ,” ಎಂದಳು ಅವಳು. “ಅಲ್ಲಿಂದ ತಪ್ಪುಸ್ಕಂಡ್ರೆ ಇಲ್ಲಿ, ಇಲ್ಲಿಂದ ತಪ್ಪುಸ್ಕಂಡ್ರೆ ಅಲ್ಲಿ. ನಿದ್ದೇನೇ ಬರಲ್ಲ. ಓದಿದ್ದು ಒಳಕ್ಕೇ ಹೋಗಲ್ಲ. ಆನೆ ಅಂದ್ರೆ ಎಲ್ರೂ ನಂಬ್ತಾರೆ, ಓಡಿ ಬತ್ತಾರೆ. ನಂದು ಹೇಳಿದ್ರೆ ಅಷ್ಟೇನಾ ಅಂತಾರೆ.”

“ಇವತ್ತು ಆನೆ ಇಲ್ಲ ಅಂತ ನಾನೇ ಹೇಳ್ತೀನಿ. ಎಲ್ರ ಮುಂದೇನೂವೆ.”

“ಬ್ಯಾಡ. ನಾನು ಸುಳ್ಳಿ ಆಯ್ತೀನಿ.”

“ಸುಳ್ಳ ನಾನು ಕಣೇ. ನೀನು ಬರೀ ಫೋನ್ ಮಾಡ್ದೆ. ಎತ್ತರ ಅಳ್ದೋನು ನಾನು, ಕಿವಿ ಹರ್ದೋನು ನಾನು, ಹೊಳೆ ದಾಟ್ಸಿದೋನೂ ನಾನು.”

ಅವಳು ಅವನ ಹರಿದ ಅಂಗಿಯ ಚುಂಗು ಹಿಡಿದುಕೊಂಡಳು. ಹಾಗೇ ಹಿಮ್ಮುಖವಾಗಿ, ಒಂದೊಂದೇ ಮೊಳ ಸರಿದು, ಕಂದಕದ ಮರ ದಾಟಿದರು.

ಮೂರು ಗಂಟೆಗೆ ಶಾಲೆಯ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ವೇದಿಕೆಯ ಮೇಲೆ ಅಧಿಕಾರಿಗಳು, ಹಾರ, ಶಾಲು, ಗೋಡೆಗೆ ಹದಿನಾಲ್ಕು ಕೆಂಪು ಚುಕ್ಕೆಯ ನಕ್ಷೆ. ಸಣ್ಣಸ್ವಾಮಿ ಮಣ್ಣು ಮೆತ್ತಿದ ಮೈಯಲ್ಲಿ, ಮೋಕ್ಷಿತಾಳ ಕೈ ಹಿಡಿದು ಬಂದ. ಚಲುವಮ್ಮ ಜನರನ್ನು ತಳ್ಳಿಕೊಂಡು ಬಂದು ಮಗಳನ್ನು ಅಪ್ಪಿಕೊಂಡಳು. ಕುಟ್ಟಪ್ಪ ಹಾರ ಎತ್ತಿದರು.

“ಬ್ಯಾಡಿ ಸಾರ್. ಸಲಗ ಇರ್ಲಿಲ್ಲ. ಒಂದಿನಾನೂ ಇರ್ಲಿಲ್ಲ. ನಾನು ಸುಳ್ಳು ಹೇಳ್ದೆ.”

ಹಾಲಿನಲ್ಲಿ ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ನೀರಿನ ಟ್ಯಾಂಕ್ ಎತ್ತಿದ್ದನ್ನು ಕಣ್ಣಾರೆ ಕಂಡವರು ಎಲ್ಲರಿಗಿಂತ ಜೋರಾಗಿ ಬೈದರು. ಸಣ್ಣಸ್ವಾಮಿ ನಕ್ಷೆಯ ಹತ್ತಿರ ಹೋದ.

“ಬಯ್ರಿ. ಕೆಲ್ಸ ಕಿತ್ಕಳಿ. ಆದ್ರೆ ಈ ಚುಕ್ಕೆ ನಂದಲ್ಲ, ಇವು ನಿಜ. ಇದು ಒಂದ್ ಮಗೂನ ಒಂದ್ ದಿನ. ಇಲ್ಲಿ ಬ್ಯಾಗ್ ಎಸೀತಾರೆ, ಅತ್ರೆ ಫೋಟೋ ತೆಗೀತಾರೆ. ಇಲ್ಲಿ ಸಂಡಾಸ್‌ನಲ್ಲಿ ಹಾಕಿ ಚಿಲಕ ಹಾಕ್ತಾರೆ.”

“ಮಕ್ಕಳಾಟ ಅದು,” ಎಂದರು ಯಾರೋ. “ಇಷ್ಟಕ್ಕೇ?” ಎಂದರು ಇನ್ನೊಬ್ಬರು. “ನಮ್ ಕಾಲದಲ್ಲಿ ನಾವೂ…” ಎಂದು ಮೂರನೆಯವರು ಶುರು ಮಾಡಿದರು.

“ಇಲ್ಲಿ,” ಎಂದು ಸಣ್ಣಸ್ವಾಮಿ ಬೆರಳನ್ನು ಅಂಗಡಿಯ ತಿರುವಿಗೆ ಸರಿಸಿದ. ಹಿಂದಿನ ಸಾಲಿನಲ್ಲಿ ತಿಮ್ಮಯ್ಯ ಎದ್ದು ಬಾಗಿಲ ಕಡೆ ಹೊರಟ. ಲಿಂಗಮ್ಮ ಹೊದ್ದಿದ್ದ ಶಾಲು ಕಿತ್ತು, ಕೋಲನ್ನು ಬಾಗಿಲಿಗೆ ಅಡ್ಡ ಹಿಡಿದಳು. “ಎಲ್ಲಿಗ್ಲಾ? ಕೂತ್ಕೊ.” ಎಪ್ಪತ್ತರ ಮುದುಕಿ ಕೋಲು ಹಿಡಿದ ರೀತಿಗೆ ನಿಜವಾದ ಸಲಗವೂ ಕುಳಿತುಬಿಡುತ್ತಿತ್ತು.

“ಇಲ್ಲಿ,” ಎಂದು ಸಣ್ಣಸ್ವಾಮಿಯ ಬೆರಳು ಕೊನೆಯ ಚುಕ್ಕೆಗೆ ಬಂತು. ಇಸ್ತ್ರಿ ಅಂಗಿಯ ಶಶಿಕುಮಾರ ಎದ್ದು ನಿಂತ. “ನಮ್ ಮನೆ ವಿಷ್ಯ ಊರ್ನೋರಿಗ್ಯಾಕೆ?”

ಆಗ ಚಲುವಮ್ಮ ಮಗಳನ್ನು ಬಿಟ್ಟು, ವೇದಿಕೆಯ ಮುಂದೆ ಬಂದು, ರವಿಕೆಯ ತೋಳು ಮೇಲೆತ್ತಿ ನಿಂತಳು.

ಪೂವಮ್ಮ ಮಿಸ್ ನಿಧಾನವಾಗಿ ಎದ್ದು ನಕ್ಷೆಯ ಹತ್ತಿರ ಬಂದರು. ಚುಕ್ಕೆಯಿಂದ ಚುಕ್ಕೆಗೆ ಬೆರಳೆಳೆದರು, ಒಂದು ಸುತ್ತು, ಎರಡು ಸುತ್ತು. ಬೆರಳು ಶಾಲೆಯ ಮೇಲೆ ನಿಂತಿತು. “ನಾವು ಹೊಟ್ಟೆನೋವು ಅಂತ ಬರ್ಕೊಂಡ್ವಿ,” ಎಂದರು. ಆಮೇಲೆ ಅಧಿಕಾರಿಯ ಕೈಯಿಂದ ಮೈಕು ತೆಗೆದು ಪ್ಲಗ್ಗು ಕಿತ್ತು, ತಮ್ಮ ಫೋನಿನಲ್ಲಿ ಒಂದು ಸೊನ್ನೆ ಒಂಬತ್ತು ಎಂಟು, ಮಕ್ಕಳ ಸಹಾಯವಾಣಿ, ಒತ್ತಿದರು. ಆ ಹಾಲಿನಲ್ಲಿ ಅಷ್ಟು ಮೆಲ್ಲಗೆ ಯಾರೂ ಯಾವತ್ತೂ ಮಾತಾಡಿರಲಿಲ್ಲ, ಅಷ್ಟು ಚೆನ್ನಾಗಿ ಯಾವತ್ತೂ ಕೇಳಿಸಿರಲಿಲ್ಲ.

ಸಣ್ಣಸ್ವಾಮಿಯ ಕೆಲಸ ಅದೇ ವಾರ ಹೋಯಿತು. ತಿಮ್ಮಯ್ಯನ ಅಂಗಡಿಯ ಶಟರು ಪೂರ್ತಿ ಕೆಳಗಿಳಿದು ಅದಕ್ಕೆ ಪೊಲೀಸರ ಬೀಗ ಬಿತ್ತು. ಶಶಿಕುಮಾರನ ಮೇಲೂ ದೂರು ದಾಖಲಾಯಿತು. ಚಲುವಮ್ಮ, ಮಗಳು, ಲಿಂಗಮ್ಮ ಮೂವರೂ ತೋಟದ ಲೈನ್‌ಮನೆಗೆ ಬಂದರು. ಸ್ವಂತ ಮಗನನ್ನು ಬಿಟ್ಟು ಸೊಸೆಯ ಜೊತೆ ಬಂದಿದ್ದಕ್ಕೆ ಲಿಂಗಮ್ಮನಿಗೆ ಯಾರೂ ಶಾಲು ಹೊದಿಸಲಿಲ್ಲ. ಶೌಚಾಲಯದ ಬಾಗಿಲಿನ ಚಿಲಕವನ್ನು ಪೂವಮ್ಮನೇ ಸ್ಕ್ರೂಡ್ರೈವರ್ ಹಿಡಿದು ಕಿತ್ತರು. ಆ ಸ್ಟಿಕ್ಕರು ಮಾತ್ರ ಇನ್ನೂ ಯಾವುದೋ ಫೋನಿನಲ್ಲಿ ಇದ್ದೇ ಇರುತ್ತದೆ, ಅದನ್ನು ಕೀಳುವ ಸ್ಕ್ರೂಡ್ರೈವರ್ ಯಾರ ಹತ್ತಿರವೂ ಇರಲಿಲ್ಲ.

ಪ್ರತಿ ಗುರುವಾರ ಮೋಕ್ಷಿತಾ ಮಡಿಕೇರಿಗೆ, ಮಕ್ಕಳ ಮನಸ್ಸಿನ ಡಾಕ್ಟರಮ್ಮನ ಹತ್ತಿರ ಹೋಗಬೇಕಿತ್ತು. ಚಲುವಮ್ಮನಿಗೆ ಕೆಲಸವಿದ್ದ ದಿನ ಲಿಂಗಮ್ಮ ಜೊತೆಗೆ ಹೋಗುತ್ತಿದ್ದಳು, ದಾರಿ ತೋರಿಸಲು ಸಣ್ಣಸ್ವಾಮಿ. ನಾಲ್ಕು ತಿಂಗಳಾದರೂ ಹುಡುಗಿ ಬಸ್ಸಿನ ಹಾರನ್ನಿಗೆ ಬೆಚ್ಚುತ್ತಿದ್ದಳು. ಶೆಲ್ಟರಿನ ಹತ್ತಿರ ಬಂದರೆ ಕಾಲು ತಾನಾಗಿ ನಿಲ್ಲುತ್ತಿತ್ತು. ನಿಂತರೆ ಅವನೂ ನಿಲ್ಲುತ್ತಿದ್ದ, ಬಾ ಎನ್ನುತ್ತಿರಲಿಲ್ಲ. ಉಗುರು ಅಕ್ಕಿಕಾಳಿನಷ್ಟು ಬೆಳೆದಿತ್ತು.

ಮಾರ್ಚಿನ ಒಂದು ಗುರುವಾರ ವಾಪಸು ಬರುವಾಗ ಲಿಂಗಮ್ಮ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದಳು. ಮೋಕ್ಷಿತಾ ಬ್ಯಾಗಿನಿಂದ ಒಂದು ಹಾಳೆ ತೆಗೆದಳು.

“ಡಾಕ್ಟರಮ್ಮ ಇಷ್ಟ ಬಂದಿದ್ದು ಬರಿ ಅಂದ್ರು. ನಿಮ್ ಆನೆ ಬರ್ದೆ.”

ಹಾಳೆಯ ಅಂಚಿನವರೆಗೂ ತುಂಬಿದ ಸಲಗ. ಒಂದು ಕಿವಿ ಮಾತ್ರ ಬರೆದಿರಲಿಲ್ಲ.

“ಇದ್ಯಾಕೆ ಬುಟ್ಟೆ?”

“ನೀವು ಹೇಳ್ಲಿ ಅಂತ. ಹರ್ದೋಗಿದ್ದು ಯಾವ್ ಕಡೆ ಕಿವಿ ತಾತ?”

ಸಣ್ಣಸ್ವಾಮಿ ಮೀಸೆ ಸವರಿದ. ಹಳೆಯ ಗತ್ತು ಗಂಟಲಿಗೆ ಬಂತು. “ಎಡಗಡೆ. ಕಣ್ಣಾರೆ ಕಂಡೋನು ನಾನು, ಎಡಗಡೇನೇ.”

ಹುಡುಗಿ ಪೆನ್ಸಿಲ್ ತುದಿ ಕಚ್ಚಿ ಅವನನ್ನೇ ನೋಡಿದಳು, ಮೊದಲ ದಿನ ಗುಂಡಿಯ ಹತ್ತಿರ ನೋಡಿದ ಹಾಗೆ.

“ಸುಳ್ಳು. ಆವತ್ತು ಬಲಗಡೆ ಅಂದಿದ್ರಿ. ಹತ್ತೂವರೆ ಅಡಿ, ಬಲಗಡೆ ಕಿವಿ, ಎಡಗಾಲಿಗೆ ಭಾರ. ನಂಗೆ ಎಲ್ಲಾ ಗ್ಯಾಪ್ಕ ಅದೆ.”

ಅವಳು ಹಾಳೆಯನ್ನು ತೊಡೆಯ ಮೇಲೆ ಹರಡಿ, ಬಸ್ಸು ಕುಲುಕುವುದು ನಿಲ್ಲಲಿ ಎಂದು ಕಾದು, ಬಲಗಿವಿ ಬರೆಯತೊಡಗಿದಳು.